ಪರ್ಸೆಂಟೇಜ್ ಮಗುವಿಗೆ, ಭಾರ ಮನೆಗೆ: ಮಲೆನಾಡಿನ ವಿಶೇಷ ಮಕ್ಕಳ ಕುಟುಂಬಗಳಿಗೆ ಬೇಕಾದ್ದೇನು?

‘ಮಗುವಿಗೆ ಎಷ್ಟು ಪರ್ಸೆಂಟು?’ ಅಂಗವೈಕಲ್ಯವಿರುವ ಮಗುವನ್ನು ಎತ್ತಿಕೊಂಡು ಯಾವ ಕಚೇರಿಗೆ ಹೋದರೂ ಹೆತ್ತವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು. ಪಿಂಚಣಿ, ಬಸ್ ಪಾಸು, ವಿದ್ಯಾರ್ಥಿವೇತನ, ಗಾಲಿಕುರ್ಚಿ ಎಲ್ಲವೂ ನಿಂತಿರುವುದು ಆ ಅಂಕಿಯ ಮೇಲೆ. ವೈಕಲ್ಯ ಶೇ 40 ಇದ್ದರೆ ಅರ್ಜಿ ಒಳಗೆ ಹೋಗುತ್ತದೆ, ಶೇ 75 ದಾಟಿದರೆ ಪಿಂಚಣಿ ತುಸು ಹೆಚ್ಚುತ್ತದೆ. ಮಗುವನ್ನು ದಿನಕ್ಕೆ ಎಷ್ಟು ಸಲ ಎತ್ತಿ ಇಳಿಸಬೇಕು, ರಾತ್ರಿ ಯಾರು ಎದ್ದಿರುತ್ತಾರೆ, ತಾಯಿ ಯಾವ ಕೆಲಸ ಬಿಟ್ಟಳು, ಮನೆಯಿಂದ ಡಾಂಬರು ರಸ್ತೆಗೆ ಎಷ್ಟು ದೂರ ಎಂದು ಕೇಳುವ ಕಾಲಂ ಆ ಅರ್ಜಿಯಲ್ಲಿ ಇಲ್ಲ. ಮಲೆನಾಡಿನ ಮಟ್ಟಿಗೆ ಮಗುವಿನ ಬದುಕು ಹೇಗೆ ಸಾಗುತ್ತದೆ ಎಂಬುದು ಬಹಳಮಟ್ಟಿಗೆ ಈ ಕೇಳದ ಪ್ರಶ್ನೆಗಳ ಮೇಲೇ ನಿಂತಿದೆ ಎಂಬುದು ನನ್ನ ವಾದ. ಮಗುವಿನ ಹೆಸರಿಗೆ ನೆರವು ಬರುತ್ತಿದೆ. ಸಾಲದು, ಆದರೂ ಬರುತ್ತಿದೆ. ಆ ಮಗುವನ್ನು ನೋಡಿಕೊಳ್ಳುವ ಮನೆಗೆ ಏನು ಬೇಕು ಎಂದು ಕೇಳುವವರು ಮಾತ್ರ ಕಡಿಮೆ.

ಕಾನೂನಿನಲ್ಲಿ ದೊಡ್ಡ ಕೊರತೆ ಇದೆಯೆಂದು ನನಗೆ ಅನಿಸುವುದಿಲ್ಲ. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆಟಿಸಂ, ಮಸ್ಕ್ಯುಲರ್ ಡಿಸ್ಟ್ರೊಫಿ, ಕಲಿಕಾ ನ್ಯೂನತೆ, ತಲಸ್ಸೇಮಿಯಾ, ಹಿಮೊಫಿಲಿಯಾ, ಸಿಕಲ್ ಸೆಲ್ ಕಾಯಿಲೆಗಳೆಲ್ಲ ಪಟ್ಟಿಗೆ ಬಂದವು. ಶೇ 40 ಅಥವಾ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲೋ, ತಾನು ಬಯಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಸಿಗಬೇಕು ಎಂದು 31ನೇ ಕಲಂ ಹೇಳುತ್ತದೆ. ಸಾಮಾಜಿಕ ಭದ್ರತೆಯ 24ನೇ ಕಲಮಿನಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತೂ ಇದೆ. ಬರಹದಲ್ಲಿರುವ ಈ ಹಕ್ಕು ಆಗುಂಬೆಯ ಮಳೆಯಲ್ಲಿ ನೆನೆಯುತ್ತಿರುವ ಒಂಟಿಮನೆಯ ಅಂಗಳಕ್ಕೆ ಹೇಗೆ ತಲುಪಬೇಕು ಎಂಬಲ್ಲಿ ತೊಡಕು ಶುರುವಾಗುತ್ತದೆ.

ದೂರದ ಖರ್ಚು

ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾದ ಮನೆಗಳು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಾಗಲ್ಲ. ಅಡಿಕೆ ತೋಟದ ತಲೆಯ ಮೇಲೊಂದು ಮನೆ, ಹಳ್ಳ ದಾಟಿ ಗುಡ್ಡ ಇಳಿದರೆ ಇನ್ನೊಂದು ಮನೆ. ನಡುವೆ ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು, ಮಳೆಗಾಲದಲ್ಲಿ ಪಾಚಿ ಕಟ್ಟಿದ ದಾರಿ, ಕೆಲವು ಕಡೆ ಈಗಲೂ ಕಾಲುಸಂಕ. ನಡೆಯಬಲ್ಲವರೇ ಕೋಲು ಊರಿ ನಡೆಯುವ ಜಾಗ. ಶಿಬಿರದಲ್ಲಿ ಕೊಟ್ಟ ಗಾಲಿಕುರ್ಚಿ ಅಲ್ಲಿ ಜಗುಲಿಯಿಂದ ಕೆಳಗೆ ಇಳಿಯುವುದೇ ಇಲ್ಲ. ಮಗುವಿಗೆ ಆರೇಳು ವರ್ಷ ಆಗುವವರೆಗೆ ತಾಯಿ ಸೊಂಟದ ಮೇಲೆ ಹೊತ್ತು ರಸ್ತೆಗೆ ತರುತ್ತಾಳೆ. ಹತ್ತು ದಾಟಿದ ಮೇಲೆ ತಂದೆ ಬೆನ್ನ ಮೇಲೆ ಹೊರಬೇಕು. ಹದಿಮೂರು ಹದಿನಾಲ್ಕಾದಾಗ ಹೊರುವವರೂ ಸೋಲುತ್ತಾರೆ. ಎಷ್ಟೋ ಮಕ್ಕಳ ಥೆರಪಿ ನಿಲ್ಲುವುದು ಆ ವಯಸ್ಸಿಗೆ. ಹೆತ್ತವರಿಗೆ ಅಸಡ್ಡೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ, ಅಲ್ಲಿ ಸೋತಿರುವುದು ಸೊಂಟ ಮತ್ತು ಬೆನ್ನು.

ಥೆರಪಿ ಎಂಬುದು ಒಂದು ಸಲ ಹೋಗಿ ಮಾತ್ರೆ ಬರೆಸಿಕೊಂಡು ಬರುವಂಥದ್ದಲ್ಲ ಎಂಬುದನ್ನು ಇಲ್ಲಿ ವಿವರವಾಗಿ ಹೇಳಬೇಕು. ಮಿದುಳಿನ ಹಾನಿಯಿಂದ ಚಲನೆ ಕುಂಠಿತವಾಗುವ ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಸ್ನಾಯುಗಳು ಬಿಗಿದುಕೊಳ್ಳುತ್ತಾ ಹೋಗುತ್ತವೆ. ದಿನವೂ ಎಳೆದು, ಬಾಗಿಸಿ, ಸರಿಯಾಗಿ ಕೂರಿಸದಿದ್ದರೆ ಕೀಲು ಸೆಟೆದು ನಿಲ್ಲುತ್ತದೆ, ಸೊಂಟದ ಕೀಲು ತಪ್ಪಬಹುದು. ಮಗು ಬೆಳೆದ ಹಾಗೆ ವ್ಯಾಯಾಮ ಬದಲಾಗಬೇಕು, ಕಾಲಿಗೆ ಹಾಕುವ ಸ್ಪ್ಲಿಂಟ್ ಬದಲಾಗಬೇಕು. ಹಾಗಾಗಿ ವಾರಕ್ಕೊಮ್ಮೆಯಾದರೂ ತಿಳಿದವರ ಕೈ ತಾಗಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಶಿವಮೊಗ್ಗಕ್ಕೆ ಸುಮಾರು 60–70 ಕಿಲೋಮೀಟರು. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ದಾರಿ ಬೇರೆ. ಮೆಗ್ಗಾನ್ ಆಸ್ಪತ್ರೆಯಲ್ಲಿ ಅರ್ಧ ಗಂಟೆ ಫಿಜಿಯೊಥೆರಪಿ ಆಗಬೇಕಾದರೆ ಒಂದು ಇಡೀ ದಿನ ಕೊಡಬೇಕು, ದೊಡ್ಡ ಮಗುವಾದರೆ ಇಬ್ಬರು ಹೋಗಬೇಕು. ಎರಡು ದಿನಗೂಲಿ ಹೋಯಿತು. ಉಳಿದ ಮಕ್ಕಳಿಗೆ ಅವತ್ತು ಪಕ್ಕದ ಮನೆಯವರೇ ಗತಿ. ತೀರ್ಥಹಳ್ಳಿ ಕಡೆಯ ಅನೇಕರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ. ಅದೂ ಮಳೆಗಾಲದಲ್ಲಿ ನಂಬಿಕೆಯ ದಾರಿಯಲ್ಲ. ಕಿವಿಯ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ನರದ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್ ಎಂದು ಚೀಟಿ ಬರೆದರೆ ಲೆಕ್ಕ ಇನ್ನೂ ಬೆಳೆಯುತ್ತದೆ.

ಬಸ್ಸಿನ ವಿಷಯ ಮಲೆನಾಡಿನ ಹೊರಗಿನವರಿಗೆ ಅಷ್ಟಾಗಿ ತಿಳಿಯದು. ರಾಜ್ಯದಲ್ಲಿ ಅಂಗವಿಕಲರಿಗೆ ರಿಯಾಯಿತಿ ಬಸ್ ಪಾಸ್ ಇದೆ, ವಾಸಸ್ಥಳದಿಂದ 100 ಕಿಲೋಮೀಟರು ದೂರದವರೆಗೆ ಓಡಾಡಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ತಾಯಿಯ ಟಿಕೆಟ್ಟೂ ಉಚಿತ. ಆದರೆ ಎರಡೂ ನಡೆಯುವುದು ಸರ್ಕಾರಿ ಬಸ್ಸಿನಲ್ಲಿ. ಒಳಗಿನ ಹಳ್ಳಿಗಳಿಗೆ ಹೋಗುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಪಾಸು ನಡೆಯುವುದಿಲ್ಲ, ಕಂಡಕ್ಟರನ ಕರುಣೆ ನಡೆಯುತ್ತದೆ. ಪಕ್ಕದ ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ, ಸರ್ಕಾರಿ ಬಸ್ಸು ಬಾರದ ಊರುಗಳಿಗೂ ಬಸ್ಸು ಓಡಿಸಿ, ವಿದ್ಯಾರ್ಥಿಗಳಿಗೂ ಅಂಗವಿಕಲರಿಗೂ ರಿಯಾಯಿತಿ ಕೊಡುತ್ತಿತ್ತು. ನಷ್ಟ ತಾಳಲಾರದೆ 2020ರಲ್ಲಿ ನಿಂತುಹೋಯಿತು. ಅದು ನಿಂತಾಗ ಎಷ್ಟು ಮಕ್ಕಳ ಆಸ್ಪತ್ರೆ ಓಡಾಟ ನಿಂತಿತು ಎಂದು ಯಾರೂ ಎಣಿಸಿದಂತಿಲ್ಲ. ಲಿಂಗನಮಕ್ಕಿ ಹಿನ್ನೀರಿನಾಚೆಯ ತುಮರಿ ಭಾಗದವರು ದಶಕಗಟ್ಟಲೆ ಲಾಂಚ್ ಕಾದು ಸಾಗರಕ್ಕೆ ಬರುತ್ತಿದ್ದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾಯಿತು. ಸಿಗಂದೂರಿನ ಭಕ್ತರಿಗೆ ಅನುಕೂಲ ಆಯಿತೆಂದು ಎಲ್ಲರೂ ಬರೆದರು. ಫಿಟ್ಸ್ ಬರುವ ಮಗುವಿರುವ ಮನೆಗೆ ಅದೇ ಸೇತುವೆ ಏನು ಎಂಬುದನ್ನು ಆ ದ್ವೀಪದಂಥ ಊರಿನವರೇ ಹೇಳಬೇಕು.

ಕಳೆದುಹೋಗುವ ಮೊದಲ ಮೂರು ವರ್ಷ

ಮಗುವಿನ ಮಿದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಮೂರು ವರ್ಷಗಳಲ್ಲಿ. ಕಿವಿ ಕೇಳದ ಮಗುವನ್ನು ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆಗೆ ಒಳಪಡಿಸಿ, ಮೂರು ತಿಂಗಳೊಳಗೆ ಖಚಿತಪಡಿಸಿಕೊಂಡು, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಶುರು ಮಾಡಬೇಕೆಂಬುದು ವೈದ್ಯರು ಒಪ್ಪಿದ ಲೆಕ್ಕ. ನಮ್ಮಲ್ಲಿ ನಡೆಯುವುದು ಬೇರೆ. ‘ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದು, ಕಾದು ನೋಡು’ ಎಂದು ಅಜ್ಜಿ ಹೇಳುತ್ತಾಳೆ. ಹರಕೆ ಹೊರುತ್ತಾರೆ, ನಾಟಿ ಔಷಧಿ ಮಾಡಿಸುತ್ತಾರೆ. ಅಂಗನವಾಡಿಗೆ ಸೇರಿಸುವಾಗ ಕಾರ್ಯಕರ್ತೆಗೆ ಅನುಮಾನ ಬರುತ್ತದೆ. ಅಷ್ಟರಲ್ಲಿ ಮೂರು ವರ್ಷ ಸರಿದಿರುತ್ತದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದಕ್ಕೆಂದೇ ಇದೆ. ಸಂಚಾರಿ ತಂಡ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಶಾಲೆಯ ಮಕ್ಕಳನ್ನು ಒಂದು ಸಲ ನೋಡಬೇಕು. ಹುಟ್ಟಿನ ದೋಷ, ಪೌಷ್ಟಿಕಾಂಶ ಕೊರತೆ, ಕಾಯಿಲೆ, ಬೆಳವಣಿಗೆಯ ಹಿನ್ನಡೆಗಳನ್ನು ಗುರುತಿಸಿ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸಬೇಕು. ಗುರುತಿಸುವ ಕೆಲಸ ಈ ತಂಡಗಳಿಂದ ಎಷ್ಟೋ ಸುಧಾರಿಸಿದೆ, ಅದನ್ನು ಒಪ್ಪಬೇಕು. ಆದರೆ ಗುರುತಿಸಿದ ಮೇಲೆ ಏನು? ತಾಯಿಯ ಕೈಗೆ ಒಂದು ರೆಫರಲ್ ಚೀಟಿ ಬರುತ್ತದೆ, ಅಲ್ಲಿಂದ ಮುಂದಿನ ಓಡಾಟವೆಲ್ಲ ಅವಳದು. ಯಾವ ಬಸ್ಸು, ಯಾವ ವಾರ್ಡು, ಯಾವ ದಿನ ಡಾಕ್ಟರು ಇರುತ್ತಾರೆ ಎಂಬುದನ್ನು ಅವಳೇ ವಿಚಾರಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸೆ ಬೇಕಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಕಿವಿಯೊಳಗೆ ಅಳವಡಿಸುವ ಶ್ರವಣ ಸಾಧನವಾದ ಕಾಕ್ಲಿಯರ್ ಇಂಪ್ಲಾಂಟ್‌ಗೆ ಕೇಂದ್ರದ ಅಡಿಪ್ ಯೋಜನೆ ನೆರವು ಕೊಡುತ್ತದೆ. ಇಂಪ್ಲಾಂಟ್ ಆದ ಮೇಲೆ ಮಗು ಮಾತು ಕಲಿಯಬೇಕಾದರೆ ವರ್ಷಗಟ್ಟಲೆ ತರಬೇತಿ ಬೇಕು. ಅದಕ್ಕೆಂದು ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಗಂಡನನ್ನು, ದೊಡ್ಡ ಮಗುವನ್ನು, ತೋಟವನ್ನು ಊರಲ್ಲಿ ಬಿಟ್ಟು ಕೂತ ತಾಯಂದಿರು ಇದ್ದಾರೆ. ತಿಂಗಳಿಗೊಮ್ಮೆ ಮೈಸೂರು–ತಾಳಗುಪ್ಪ ರೈಲು ಹತ್ತಿ ಮನೆಗೆ ಬರುತ್ತಾರೆ. ಆ ಬಾಡಿಗೆಗೆ ಯಾವ ಯೋಜನೆಯೂ ಇಲ್ಲ.

ಹಂದಿಗೋಡು ಕಲಿಸಬೇಕಿದ್ದ ಪಾಠ

ಕುಟುಂಬವನ್ನೇ ಒಂದು ಘಟಕವಾಗಿ ನೋಡಬೇಕೆಂದು ನಾನು ಒತ್ತಿ ಹೇಳುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಐವತ್ತು ವರ್ಷ ಹಳೆಯ ಪುರಾವೆ ಇದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1974–75ರ ಸುಮಾರಿಗೆ ವಿಚಿತ್ರವೊಂದು ಹೊರಜಗತ್ತಿನ ಗಮನಕ್ಕೆ ಬಂತು. ಕೆಲವು ಬಡ ಕುಟುಂಬಗಳಲ್ಲಿ ಮಕ್ಕಳು ಚೆನ್ನಾಗಿಯೇ ಹುಟ್ಟಿ, ಬೆಳೆಯುತ್ತಾ ಸೊಂಟ, ಮಂಡಿ, ಬೆನ್ನುಮೂಳೆಯ ನೋವಿಗೆ ಸಿಕ್ಕಿ, ನಡಿಗೆ ಓಲಾಡುವಂತಾಗಿ, ಕಡೆಗೆ ತೆವಳುವ ಸ್ಥಿತಿಗೆ ಬರುತ್ತಿದ್ದರು. ಕೆಲವರ ಬೆಳವಣಿಗೆ ಕುಬ್ಜವಾಗಿಯೇ ನಿಲ್ಲುತ್ತಿತ್ತು. ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿ ತಿಂದದ್ದು ಕಾರಣವಿರಬಹುದೇ ಎಂಬ ಅನುಮಾನವೂ ಆಗ ಎದ್ದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಗಳ ಅಧ್ಯಯನಗಳಿಂದ ಇದು ವಂಶವಾಹಿಯಿಂದ ಬರುವ ಮೂಳೆ–ಕೀಲುಗಳ ಕಾಯಿಲೆ ಎಂದು ಗೊತ್ತಾಯಿತು. ತಂದೆತಾಯಿಯಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಚಿಕ್ಕಮಗಳೂರು ಜಿಲ್ಲೆಯಲ್ಲೂ ಇಂಥ ಕುಟುಂಬಗಳು ಸಿಕ್ಕವು.

ಈಗ ಇದನ್ನು ಪರ್ಸೆಂಟೇಜಿನ ಕಣ್ಣಿನಿಂದ ನೋಡಿ. ಮಗನಿಗೆ ಇನ್ನೂ ಆರಂಭ. ಅವನಿಗೆ ಶೇ 40 ಬರುತ್ತದೋ ಇಲ್ಲವೋ. ತಂದೆ ಕೋಲು ಹಿಡಿದು ನಡೆಯುತ್ತಾನೆ. ಅಜ್ಜಿ ತೆವಳುತ್ತಾಳೆ. ದುಡಿಯುವ ಕೈ ಎಂದರೆ ಹೊರಗಿನಿಂದ ಮದುವೆಯಾಗಿ ಬಂದ ತಾಯಿಯೊಬ್ಬಳದೇ, ಮೂವರ ಆರೈಕೆಯೂ ಅವಳದೇ. ಇಲ್ಲಿ ಮೂರು ಬೇರೆ ಬೇರೆ ಕಾರ್ಡು ಮಾಡಿಸಿ ಮೂರು ಬೇರೆ ಬೇರೆ ಪಿಂಚಣಿಗೆ ಅಲೆಯಬೇಕಾದವಳೂ ಅವಳೇ. ಅವಳ ಹೆಸರು ಮಾತ್ರ ಯಾವ ಕಡತದಲ್ಲೂ ಇರುವುದಿಲ್ಲ, ಯಾಕೆಂದರೆ ಅವಳಿಗೆ ಕಾಯಿಲೆಯಿಲ್ಲ. ದಶಕಗಳ ಕಾಲ ತಜ್ಞರು ಬಂದು ರಕ್ತದ ಮಾದರಿ ತೆಗೆದುಕೊಂಡರು, ಎಕ್ಸ್‌ರೇ ಮಾಡಿದರು. ವಿಜ್ಞಾನಕ್ಕೆ ಅದು ಬೇಕಿತ್ತು. ಗುಣಪಡಿಸುವ ಔಷಧಿ ಇಲ್ಲದ ಕಾಯಿಲೆಯಲ್ಲಿ ಮನೆಗೆ ಬೇಕಾಗಿದ್ದದ್ದು ನೋವು ಕಡಿಮೆ ಮಾಡುವ ಚಿಕಿತ್ಸೆ, ಅಗತ್ಯವಿದ್ದವರಿಗೆ ಸೊಂಟದ ಕೀಲು ಬದಲಾವಣೆ, ಮಕ್ಕಳಾಗುವ ಮುನ್ನ ವಂಶವಾಹಿ ಸಲಹೆ, ಕೂತು ಮಾಡಬಹುದಾದ ಉದ್ಯೋಗ, ದುಡಿಯುವವಳಿಗೆ ಆಸರೆ. ಒಂದೇ ಕಡತದಲ್ಲಿ ಇಡೀ ಮನೆಯ ಲೆಕ್ಕ ಇಡುವ ಪದ್ಧತಿಯನ್ನು ಹಂದಿಗೋಡಿನಿಂದ ಶುರು ಮಾಡಬಹುದಿತ್ತು. ಈಗಲೂ ಮಾಡಬಹುದು.

ತಾಯಿಯ ದಿನಗೂಲಿ

ಮಲೆನಾಡಿನ ಬಡ ಹೆಂಗಸರ ಕೈಗೆ ವರ್ಷದ ದೊಡ್ಡ ದುಡ್ಡು ಬರುವುದು ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ. ಸುಲಿದಷ್ಟಕ್ಕೆ ಕೂಲಿ. ರಾತ್ರಿ ಹನ್ನೊಂದರವರೆಗೂ ಅಂಗಳದಲ್ಲಿ ಕೂತು ಅಡಿಕೆ ಸುಲಿಯುವವರ ನಡುವೆ, ಮಗುವನ್ನು ಬಿಟ್ಟು ಬರಲಾಗದ ತಾಯಿ ಇರುವುದಿಲ್ಲ. ಮಗು ಬಿದ್ದೀತು, ಫಿಟ್ಸ್ ಬಂದೀತು, ಬಾವಿ ಕಡೆ ಹೋದೀತು ಎಂಬ ಭಯ. ಆಟಿಸಂ ಇರುವ ಮಗುವಾದರೆ ಜನ, ಬೆಳಕು, ಯಂತ್ರದ ಸದ್ದು ಯಾವುದೂ ಹಿಡಿಸದೆ ಕಿರುಚಿಕೊಳ್ಳುತ್ತದೆ. ‘ಎಂತ ಮಾಡೂದು ಮಾರಾಯ್ರೆ, ಮನೇಲೇ ಇರೂದು’ ಎಂಬ ಒಂದು ಮಾತಿನಲ್ಲಿ ಆ ಸಂಸಾರ ಒಂದು ದುಡಿಮೆಯನ್ನು ಪೂರ್ತಿ ಕಳೆದುಕೊಂಡಿರುತ್ತದೆ.

ಇದಕ್ಕೆ ಎದುರಾಗಿ ಸಿಗುವುದೇನು? ಶೇ 40ರಿಂದ 75ರ ಒಳಗಿನವರ ಪಿಂಚಣಿಯನ್ನು 2021ರಲ್ಲಿ ರಾಜ್ಯ ಸರ್ಕಾರ 600ರಿಂದ 800 ರೂಪಾಯಿಗೆ ಏರಿಸಿತು. ನಮ್ಮ ಕಡೆ ಇದನ್ನು ‘ಸಂಬಳ’ ಎನ್ನುತ್ತಾರೆ, ಆದರೆ ಒಂದು ತಿಂಗಳ ಆ ಸಂಬಳದಲ್ಲಿ ಶಿವಮೊಗ್ಗಕ್ಕೆ ಎರಡು ಸಲ ಇಬ್ಬರು ಹೋಗಿ ಬಂದು ಊಟ ಮಾಡಿದರೆ ಉಳಿಯುವುದು ಅಷ್ಟಕ್ಕಷ್ಟೇ. 2024–25ರ ಬಜೆಟ್‌ನಲ್ಲಿ ರಾಜ್ಯ ಮೊದಲ ಬಾರಿಗೆ ಆರೈಕೆ ಮಾಡುವವರ ಕಡೆ ಕಣ್ಣೆತ್ತಿ ನೋಡಿತು: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದ ಪೂರ್ತಿ ಪರಾವಲಂಬಿಗಳಾದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ. ಮೊತ್ತ ಸಣ್ಣದು. ತತ್ವ ದೊಡ್ಡದು, ಆರೈಕೆಯೂ ದುಡಿಮೆ ಎಂದು ಸರ್ಕಾರ ಬರೆದುಕೊಟ್ಟಂತಾಯಿತು. ಆ ಪಟ್ಟಿಯಲ್ಲಿ ತೀವ್ರ ಆಟಿಸಂ, ತೀವ್ರ ಬೌದ್ಧಿಕ ವೈಕಲ್ಯ ಇರಲಿಲ್ಲ. ದಿನದ ಇಪ್ಪತ್ನಾಲ್ಕು ಗಂಟೆ ಕಣ್ಣಿಟ್ಟು ಕಾಯಬೇಕಾದ ಮಕ್ಕಳು ಇವರೇ. ಪಟ್ಟಿ ಕಾಯಿಲೆಯ ಹೆಸರಿನಿಂದ ನಡೆಯುವ ಬದಲು ಆರೈಕೆಯ ಗಂಟೆಗಳಿಂದ ನಡೆಯಬೇಕು.

ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಇದೇ ದಿಕ್ಕಿನ ಮಾತು ಆಡಿತು. ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜಿನ ಪ್ರಾಧ್ಯಾಪಕಿಯೊಬ್ಬರ ಮಗನಿಗೆ ಮೂಳೆ ಪದೇಪದೇ ಮುರಿಯುವ ಹುಟ್ಟು ಕಾಯಿಲೆ. ರಜೆಯೆಲ್ಲ ಮುಗಿದ ಆಕೆಗೆ ಶಿಶುಪಾಲನಾ ರಜೆ ನಿರಾಕರಿಸಿದ್ದು ಸರಿಯಲ್ಲ, ದುಡಿಮೆಯಲ್ಲಿ ಮಹಿಳೆಯರು ಉಳಿಯುವುದು ಸಂವಿಧಾನದ ಹೊಣೆ ಎಂದು ನ್ಯಾಯಾಲಯ ಹೇಳಿತು. ಒಳ್ಳೆಯ ಆದೇಶ. ಅದು ಸಂಬಳದ ನೌಕರಿ ಇರುವವರಿಗೆ ಒದಗುತ್ತದೆ. ಅಡಿಕೆ ಸುಲಿಯುವವಳಿಗೆ, ತೋಟಕ್ಕೆ ಸೊಪ್ಪು ಹೊರುವವಳಿಗೆ ರಜೆ ಎಂಬುದೇ ಇಲ್ಲವಾದ್ದರಿಂದ ಅವಳ ಮಟ್ಟಿಗೆ ಭತ್ಯೆಯೇ ರಜೆಯ ಜಾಗದಲ್ಲಿ ನಿಲ್ಲಬೇಕು. ಅದು ನೇರ ಅವಳ ಖಾತೆಗೇ ಬರಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವವರಿಗೆ ಹೋಗುತ್ತದೆ. ಕೂಡುಕುಟುಂಬದಲ್ಲಿ ಅದು ಅನೇಕ ಕಡೆ ಅತ್ತೆ. ಮಗು ಹೀಗೆ ಹುಟ್ಟಿದ್ದಕ್ಕೆ ಸೊಸೆಯ ತವರನ್ನೇ ದೂರುವ ಮನೆಗಳು ಇನ್ನೂ ಇರುವಾಗ, ಈ ವ್ಯತ್ಯಾಸ ಸಣ್ಣದಲ್ಲ.

ಶಾಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದೇ ಒಂದು ಪ್ರತ್ಯೇಕ ಲೇಖನವಾಗಬೇಕು. ತಾಲ್ಲೂಕಿಗೆ ಬೆರಳೆಣಿಕೆಯ, ವಿಶೇಷ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಸಂಪನ್ಮೂಲ ಶಿಕ್ಷಕರು ಹತ್ತಾರು ಶಾಲೆ ಸುತ್ತಿ, ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗಿ ಕಲಿಸಬೇಕು. 2021ರಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕೆಂದು ಹೇಳಿತ್ತು. ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಟ್ಟು ಮಕ್ಕಳೇ ಹತ್ತಿರುವುದಿಲ್ಲ, ಇರುವ ಒಂದು ವಿಶೇಷ ಮಗುವಿಗಾಗಿ ಶಿಕ್ಷಕರು ಬರುವುದೂ ಇಲ್ಲ. ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ಮನೆ ಭೇಟಿಯೂ ನಿಲ್ಲುತ್ತದೆ. ಅನುಪಾತದ ಲೆಕ್ಕ ಮಲೆನಾಡಿಗೆ ಒದಗುವುದಿಲ್ಲ, ಇಲ್ಲಿ ಅಕ್ಕಪಕ್ಕದ ಶಾಲೆಗಳ ಕ್ಲಸ್ಟರಿಗೊಬ್ಬರು ಎಂಬ ಲೆಕ್ಕ ಬೇಕು.

ಪಟ್ಟಿಯ ಹೊರಗೆ ಉಳಿದವರು

21ರ ಪಟ್ಟಿಯೊಳಗೆ ಬಾರದ ಮಕ್ಕಳೂ ಇದ್ದಾರೆ. ಟೈಪ್ 1 ಮಧುಮೇಹದ ಮಗುವಿಗೆ ಬದುಕಿರುವಷ್ಟು ದಿನ ಇನ್ಸುಲಿನ್ ಬೇಕು, ದಿನಕ್ಕೆ ಹಲವು ಸಲ ಬೆರಳು ಚುಚ್ಚಿ ಸಕ್ಕರೆ ನೋಡಬೇಕು. ಆದರೆ ಅದು ಅಂಗವೈಕಲ್ಯದ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಕಾರ್ಡೂ ಇಲ್ಲ, ಪಿಂಚಣಿಯೂ ಇಲ್ಲ. ಹುಟ್ಟು ಹೃದಯದ ತೊಂದರೆಯಿರುವ ಮಗುವಿನದೂ ಇದೇ ಪಾಡು. ಶಸ್ತ್ರಚಿಕಿತ್ಸೆಗೆ ನೆರವಿದೆ, ನಂತರದ ವರ್ಷಗಳಿಗಿಲ್ಲ. ಜುಲೈ ತಿಂಗಳಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲದ ಊರಿನಲ್ಲಿ ಇನ್ಸುಲಿನ್ ಸ್ಟಾಕು ಕೆಡದಂತೆ ನೋಡಿಕೊಳ್ಳುವುದೂ, ನಡುರಾತ್ರಿ ಮಗುವಿನ ಸಕ್ಕರೆ ಇಳಿದರೆ ಮೊಬೈಲಿಗೆ ಸಿಗ್ನಲ್ ಹುಡುಕಿ ಗುಡ್ಡ ಹತ್ತುವುದೂ ಆ ಮನೆಯದೇ ಕೆಲಸ. ಈ ಮಕ್ಕಳ ಶಾಲೆಯಲ್ಲಿ ಒಬ್ಬ ಶಿಕ್ಷಕರಿಗಾದರೂ ಸಕ್ಕರೆ ಇಳಿದ ಲಕ್ಷಣ ಗೊತ್ತಿರಬೇಕು, ಬಾಯಿಗೆ ಬೆಲ್ಲವೋ ಸಕ್ಕರೆಯೋ ಹಾಕುವ ಸಮಯಪ್ರಜ್ಞೆ ಇರಬೇಕು. ಖರ್ಚಿಲ್ಲದ ತರಬೇತಿ ಇದು.

ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆಯಾದ ಹಿಮೊಫಿಲಿಯಾ ಪಟ್ಟಿಯಲ್ಲಿದೆ, ಆದರೆ ಅಲ್ಲೂ ದೂರವೇ ವೈರಿ. ಕೀಲಿನೊಳಗೆ ರಕ್ತ ಸುರಿದಾಗ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಚುಚ್ಚುಮದ್ದು ಎಷ್ಟು ಬೇಗ ಸಿಗುತ್ತದೋ ಕೀಲು ಅಷ್ಟು ಉಳಿಯುತ್ತದೆ. ಪಕ್ಕದ ದಾವಣಗೆರೆಯಲ್ಲಿ ಆ ಕಾಯಿಲೆಯನ್ನು ಸ್ವತಃ ಅನುಭವಿಸಿದ ವೈದ್ಯರೊಬ್ಬರು ಮುಂದೆ ನಿಂತು ಕಟ್ಟಿದ ಕರ್ನಾಟಕ ಹಿಮೊಫಿಲಿಯಾ ಸೊಸೈಟಿ ಸುತ್ತಲ ಜಿಲ್ಲೆಗಳ ಕುಟುಂಬಗಳಿಗೆ ಆಸರೆಯಾಗಿದೆ. ರೋಗಿಗಳೂ ಹೆತ್ತವರೂ ಸೇರಿ ಕಟ್ಟಿದ ಸಂಘ ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ಕಡೆ ನೋಡಬೇಕಿಲ್ಲ.

ಬಂದು ಮಾಡಿದರೆ ಆಗುತ್ತದೆ

ಗುಡ್ಡದ ಊರಿಗೆ ತಜ್ಞರು ಬರುತ್ತಾರೆಯೇ ಎಂದು ಕೇಳುವವರಿಗೆ ತೀರ್ಥಹಳ್ಳಿಯೇ ಉತ್ತರ. ನಿಮ್ಹಾನ್ಸ್ ತಂಡ 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿ ಹಳ್ಳಿಯಲ್ಲಿ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿತು. ಸ್ಥಳೀಯ ಆರೋಗ್ಯ ಕಾರ್ಯಕರ್ತರ ಬಲದಿಂದ ನಡೆದ ಕೆಲಸ ಅದು. ಚಿಕಿತ್ಸೆ ಬಿಡದೆ ತೆಗೆದುಕೊಂಡವರಲ್ಲಿ ವೈಕಲ್ಯದ ತೀವ್ರತೆ ಕಡಿಮೆ ಇರುವುದು ಕಂಡುಬಂತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುತ್ತಾರೆ. ಮನಸ್ಸಿನ ಕಾಯಿಲೆಗೆ ಮಂಗಳವಾರ ಇರುವಾಗ ಮಕ್ಕಳ ಥೆರಪಿಗೆ ಒಂದು ಗುರುವಾರ ಇರಲಾರದೇ? ಫಿಜಿಯೊ, ಸ್ಪೀಚ್, ಆಕ್ಯುಪೇಷನಲ್ ಥೆರಪಿಸ್ಟ್ ಮೂವರು ಒಂದು ವಾಹನದಲ್ಲಿ ಜಿಲ್ಲಾ ಕೇಂದ್ರದಿಂದ ಹೊರಟು, ವಾರಕ್ಕೊಂದು ತಾಲ್ಲೂಕಿನಂತೆ ಸುತ್ತಬಹುದು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಬೇಕಾದ ತಪಾಸಣೆಯನ್ನೂ ಅದೇ ದಿನಕ್ಕೆ ಸೇರಿಸಿದರೆ, ಚಿಕ್ಕ ಮಕ್ಕಳಿಗೆ ಕೊಡುವ ತಾತ್ಕಾಲಿಕ ಪ್ರಮಾಣಪತ್ರ ನವೀಕರಿಸಲು ಪದೇಪದೇ ಶಿವಮೊಗ್ಗಕ್ಕೆ ಅಲೆಯುವುದು ತಪ್ಪುತ್ತದೆ.

ನಡುವಿನ ದಿನಗಳ ಕೆಲಸಕ್ಕೆ ಜನ ಈಗಾಗಲೇ ಇದ್ದಾರೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅಂಗವೈಕಲ್ಯವಿರುವವರನ್ನೇ ಈ ಕೆಲಸಕ್ಕೆ ತೆಗೆದುಕೊಂಡಿರುವುದು ಈ ವ್ಯವಸ್ಥೆಯ ಹೆಚ್ಚುಗಾರಿಕೆ. ಗೌರವಧನದಲ್ಲಿ ದುಡಿಯುವ ಅವರ ದಿನವೆಲ್ಲ ಅರ್ಜಿ, ಸರ್ವೆ, ಸಭೆಗಳಲ್ಲಿ ಕಳೆಯುತ್ತದೆ. ಅವರಿಗೆ ಕೀಲು ಬಿಗಿಯದಂತೆ ವ್ಯಾಯಾಮ ಮಾಡಿಸುವುದು, ನುಂಗಲು ಕಷ್ಟಪಡುವ ಮಗುವಿಗೆ ಉಣಿಸುವುದು, ಫಿಟ್ಸ್ ಬಂದಾಗ ನೋಡಿಕೊಳ್ಳುವುದು ಇಷ್ಟನ್ನು ಸರಿಯಾಗಿ ಕಲಿಸಿದರೆ, ಥೆರಪಿಸ್ಟ್ ಹೇಳಿಕೊಟ್ಟದ್ದನ್ನು ಮನೆಯಲ್ಲಿ ಮುಂದುವರಿಸಲು ತಾಯಿಗೆ ಜೊತೆಯಾಗುತ್ತಾರೆ. ಇದರ ಮೇಲೆ, ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಆ ಹಣ ಬಹಳ ಕಡೆ ಬಿಡಿಬಿಡಿಯಾಗಿ ಹಂಚಿಹೋಗುತ್ತದೆ. ಅದರಲ್ಲಿ ಮನೆಯ ಮೆಟ್ಟಿಲ ಪಕ್ಕ ಒಂದು ಇಳಿಜಾರು, ಕಾಲುಸಂಕದ ಜಾಗದಲ್ಲಿ ಕೈಹಿಡಿ ಇರುವ ಕಿರುಸೇತುವೆ, ಹಿಡಿದು ಕೂರಬಹುದಾದ ಶೌಚಾಲಯ ಮಾಡಿಸಿಕೊಟ್ಟರೆ ಒಂದು ಕುಟುಂಬದ ದಿನಚರಿಯೇ ಬದಲಾಗುತ್ತದೆ.

ತಾಯಂದಿರನ್ನು ಏನು ಬೇಕೆಂದು ಕೇಳಿ ನೋಡಿ. ದುಡ್ಡಿಗೂ ಮೊದಲು ಹಲವರು ಹೇಳುವುದು, ನಂಬಿಕೆಯವರು ಯಾರಾದರೂ ನಾಲ್ಕು ಗಂಟೆ ಮಗುವನ್ನು ನೋಡಿಕೊಂಡರೆ ಸಾಕು ಎಂದು. ತಂಗಿಯ ಮದುವೆಗೆ ಹೋಗಲಾಗದವರು, ತಮ್ಮದೇ ಹೊಟ್ಟೆನೋವಿಗೆ ಡಾಕ್ಟರ ಬಳಿ ಹೋಗಲು ಪುರಸೊತ್ತು ಸಿಗದವರು ಇದ್ದಾರೆ. ಘಟ್ಟದ ಕೆಳಗೆ ದಕ್ಷಿಣ ಕನ್ನಡದ ಕೊಕ್ಕಡದಲ್ಲಿ ಎಂಡೋಸಲ್ಫಾನ್ ಕೀಟನಾಶಕದ ಬಾಧಿತರಿಗೆ ಹಗಲು ಪಾಲನಾ ಕೇಂದ್ರ ನಡೆಸಿದ ಅನುಭವ ರಾಜ್ಯಕ್ಕಿದೆ. ವರ್ಷಗಟ್ಟಲೆ ಹೋರಾಡಿ, ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಆ ಜನರಿಗೆ ಸೌಲಭ್ಯಗಳು ಸಿಕ್ಕವು. ಅದೇ ಮಾದರಿಯಲ್ಲಿ, ಮಕ್ಕಳಿಲ್ಲದೆ ಮುಚ್ಚಿದ ಶಾಲಾ ಕಟ್ಟಡಗಳನ್ನು ಹೋಬಳಿಗೊಂದರಂತೆ ಹಗಲು ಪಾಲನಾ ಕೇಂದ್ರ ಮಾಡಬಹುದು. ವಾಹನ ಇರಲೇಬೇಕು, ಮಲೆನಾಡಿನಲ್ಲಿ ವಾಹನವಿಲ್ಲದ ಕೇಂದ್ರ ಇದ್ದೂ ಇಲ್ಲದಂತೆ.

ನಾವು ಹೋದ ಮೇಲೆ

ಈ ಮನೆಗಳಲ್ಲಿ ಎಲ್ಲರ ಮನಸ್ಸಿನಲ್ಲಿದ್ದೂ ಯಾರೂ ಬಾಯಿಬಿಡದ ಪ್ರಶ್ನೆಯೊಂದಿದೆ: ನಾವು ಹೋದ ಮೇಲೆ ಇವನಿಗೆ ಯಾರು? ಮಗುವಿಗೆ 18 ತುಂಬಿದೊಡನೆ ಕಾನೂನಿನ ಪ್ರಕಾರ ತಂದೆತಾಯಿ ಸಹಜ ಪೋಷಕರಾಗಿ ಉಳಿಯುವುದಿಲ್ಲ ಎಂಬುದೇ ಅನೇಕರಿಗೆ ತಿಳಿದಿಲ್ಲ. ತೋಟದ ಪಾಲು ಮಾಡುವಾಗ, ಬ್ಯಾಂಕಿನಲ್ಲಿ ಖಾತೆ ನಡೆಸುವಾಗ ಅದು ಎದುರಾಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಅದರಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ತಂದೆತಾಯಿಯೇ ಆಗಬಹುದು, ಅಣ್ಣನೋ ಅಕ್ಕನೋ ಆಗಬಹುದು. ಇದೇ ನಾಲ್ಕು ವೈಕಲ್ಯಗಳಿಗೆ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಒದಗುತ್ತದೆ. ಹೊರರೋಗಿ ಚಿಕಿತ್ಸೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಮೊದಲು ಖರ್ಚು ಮಾಡಿ ಬಿಲ್ಲು ಕಳಿಸಿ ಹಣ ಪಡೆಯಬೇಕಾದ್ದರಿಂದ ಕೈಯಲ್ಲಿ ಕಾಸಿಲ್ಲದವರು ಹಿಂಜರಿಯುತ್ತಾರೆ. ಸ್ವಸಹಾಯ ಸಂಘಗಳು ಆ ನಡುವಿನ ಮೊತ್ತಕ್ಕೆ ಬಡ್ಡಿಯಿಲ್ಲದ ಸಾಲ ಕೊಡುವಂತಾದರೆ ಎಷ್ಟೋ ಕುಟುಂಬ ಅದನ್ನು ಬಳಸಿಕೊಂಡೀತು.

ರಾಷ್ಟ್ರೀಯ ನ್ಯಾಸದಲ್ಲಿ ದೊಡ್ಡವರಾದ ವಿಶೇಷ ಚೇತನರಿಗೆ ಘರೌಂದಾ ಎಂಬ ಗುಂಪುಮನೆಯ ಯೋಜನೆಯೂ ಇದೆ. ಮಲೆನಾಡಿಗೆ ಅಂಥ ಮನೆಗಳು ದೂರದ ಪಟ್ಟಣದಲ್ಲಿ ಇದ್ದರೆ ಪ್ರಯೋಜನವಿಲ್ಲ. ಹುಟ್ಟಿದ ಊರಿನ ಗಾಳಿ, ಗೊತ್ತಿರುವ ಮುಖಗಳ ನಡುವೆ, ಒಡಹುಟ್ಟಿದವರು ವಾರಕ್ಕೊಮ್ಮೆ ಬಂದು ನೋಡುವಷ್ಟು ಹತ್ತಿರದಲ್ಲಿ, ತಾಲ್ಲೂಕಿಗೊಂದರಂತೆ ಇರಬೇಕು. ಸೊಸೈಟಿ, ಮಠ, ಪಂಚಾಯಿತಿ ಯಾರು ಮುಂದೆ ಬಂದರೂ ಆಗುತ್ತದೆ. ಮಗುವಿಗೆ ಹದಿನಾರು ಹದಿನೇಳು ಆಗುವಾಗಲೇ ಅಣ್ಣ ತಂಗಿಯರನ್ನೂ ಕೂರಿಸಿಕೊಂಡು ಈ ಮಾತು ಆಡಬೇಕು, ಪೋಷಕತ್ವದ ಕಾಗದ ಸಿದ್ಧ ಮಾಡಿಕೊಳ್ಳಬೇಕು. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರೇ ಆ ವಯಸ್ಸಿನ ಮಕ್ಕಳಿರುವ ಮನೆಗಳ ಪಟ್ಟಿ ಹಿಡಿದು ಒಂದೊಂದು ಮನೆಗೂ ಹೋಗಿ ಅರ್ಜಿ ತುಂಬಿಸಬೇಕು, ಸಮಿತಿ ವರ್ಷಕ್ಕೆ ಒಂದು ಸಲವಾದರೂ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಕೂತು ಅಲ್ಲೇ ಆದೇಶ ಕೊಡಬೇಕು.